ನೋವು ನಿಂತ ಮೇಲೆ

(ಒಬ್ಬರು ಹಾಸನ ಜಿಲ್ಲೆಯ ನಿವೃತ್ತ ದೈಹಿಕ ಶಿಕ್ಷಕರು, ಮಗನ ಮನೆಗೆಂದು ನ್ಯೂಜೆರ್ಸಿಗೆ ಬಂದವರು. ಇನ್ನೊಬ್ಬಾಕೆ ಅದೇ ಬೀದಿಯ ಕನ್ನಡತಿ, ಹದಿಮೂರರ ಹುಡುಗನ ತಾಯಿ. ಶನಿವಾರ, ಬೇಸ್‌ಬಾಲ್ ಮೈದಾನದ ಪಕ್ಕದ ಮೆಟ್ಟಿಲು. ಆಟ ನಡೆಯುತ್ತಿದೆ.)

ಮೇಷ್ಟ್ರು: ಅಲ್ಲಮ್ಮ, ನಿನ್ನ ಮಗ ಬೌಲರ್ ಅಂತ ನನ್ನ ಮಗ ಹೇಳಿದ್ದ. ಬಂದಾಗಿನಿಂದ ನೋಡ್ತಾ ಇದೀನಿ, ಮೂಲೇಲಿ ನಿಂತು ಚೆಂಡು ಹಿಡಿಯೋದೇ ಆಯ್ತು.

ತಾಯಿ: ಬೌಲರ್ ಅಲ್ಲ ಮೇಷ್ಟ್ರೇ, ಪಿಚ್ಚರ್. ಅದು ಮೂಲೆಯೂ ಅಲ್ಲ, ಫಸ್ಟ್ ಬೇಸ್. ಅಲ್ಲಿ ನಿಂತವನಿಗೆ ಹಿಡಿಯೋ ಕೆಲಸ ಜಾಸ್ತಿ, ಎಸೆಯೋ ಕೆಲಸ ಕಡಿಮೆ. ಬೇಕಂತಲೇ ಅಲ್ಲಿ ನಿಲ್ಲಿಸಿದಾರೆ. ಹೋದ ಸೆಪ್ಟೆಂಬರಿನಲ್ಲಿ, ಇವನಿಗಿನ್ನೂ ಹನ್ನೆರಡಿದ್ದಾಗ, ಬಲ ಮೊಣಕೈ ನೋವು ಬಂತು. ಈಗ ವಾಸಿ. ಮುಂದಿನ ತಿಂಗಳು ಪಿಚ್ ಮಾಡ್ತಾನೆ.

ಮೇಷ್ಟ್ರು: ವಾಸಿ ಆಗಿದ್ದರೆ ಮುಂದಿನ ತಿಂಗಳು ಯಾಕೆ? ಇವತ್ತೇ ಹಾಕಲಿ.

ತಾಯಿ: ಇದನ್ನು ನನ್ನ ಬಾಯಲ್ಲಿ ಎಷ್ಟು ಜನರಿಗೆ ಹೇಳಿದೀನೋ! ನೋವು ಹೋಗೋಕೆ ಕೆಲವೇ ವಾರ ಸಾಕಾಯ್ತು. ನೋವು ಹೋದ ಮೇಲಿನ ಕೆಲಸವೇ ದೊಡ್ಡದು. ಅಪಾಯವೂ ಆಗಲೇ ಹೆಚ್ಚು. ನೋವಿದ್ದಾಗ ಹುಡುಗ ತಾನಾಗೇ ಸುಮ್ಮನಿರ್ತಾನೆ. ನೋವು ನಿಂತ ದಿನದಿಂದ ಅವನನ್ನ ಯಾರಾದರೂ ಹಿಡಿದು ನಿಲ್ಲಿಸಬೇಕು.

ಮೇಷ್ಟ್ರು: ಟೆನಿಸ್ ಎಲ್ಬೋ ತಾನೇ? 2004ರಲ್ಲಿ ಸಚಿನ್‌ಗೆ ಆಗಿತ್ತಲ್ಲ, ಊರಿಗೆ ಊರೇ ಮೊಣಕೈ ಬಗ್ಗೆ ಮಾತಾಡ್ತಿತ್ತು.

ತಾಯಿ: ಅದು ಹೊರಮಗ್ಗುಲಿನದು, ದೊಡ್ಡವರ ತೊಂದರೆ. ಇದು ಒಳಮಗ್ಗುಲು, ಬೆಳೆಯೋ ಮಕ್ಕಳದು. ಲಿಟಲ್ ಲೀಗರ್ಸ್ ಎಲ್ಬೋ ಅಂತಾರೆ. 1960ರಷ್ಟು ಹಿಂದೆಯೇ ವೈದ್ಯರು ಆ ಹೆಸರಿಟ್ಟು ಬರೆದಿದ್ದಾರೆ. ನಿಮ್ಮ ಕೈ ಕೊಡಿ. ಮೊಣಕೈ ಒಳಗಡೆ ಒಂದು ಗಂಟು ಸಿಗುತ್ತಲ್ಲ, ಇಲ್ಲಿ.

ಮೇಷ್ಟ್ರು: ಹೂಂ, ಬೆಂಚಿಗೆ ತಗುಲಿದರೆ ಕೈಯೆಲ್ಲ ಜುಮ್ ಅನ್ನೋ ಜಾಗ.

ತಾಯಿ: ಜುಮ್ ಅನ್ನೋ ನರ ಅದರ ಹಿಂದೆ ಹಾದುಹೋಗುತ್ತೆ. ಮಣಿಕಟ್ಟು ಮಡಿಸೋ ಸ್ನಾಯುಗಳು, ಮೊಣಕೈ ಪಕ್ಕಕ್ಕೆ ಬಾಯಿಬಿಡದ ಹಾಗೆ ಹಿಡಿಯೋ ಅಸ್ಥಿಬಂಧ, ಎಲ್ಲ ಆ ಗಂಟಿಗೇ ಕಟ್ಟಿಕೊಂಡಿರೋದು. ನಿಮಗೆ, ನನಗೆ ಆ ಗಂಟು ತೋಳಿನ ಮೂಳೆಯ ಜೊತೆ ಬೆಸೆದು ಒಂದಾಗಿದೆ. ಹನ್ನೆರಡರ ಹುಡುಗನಿಗೆ ಇನ್ನೂ ಬೆಸೆದಿಲ್ಲ. ನಡುವೆ ಬೆಳವಣಿಗೆಯ ಮೃದ್ವಸ್ಥಿ ಇದೆ, ಇಟ್ಟಿಗೆಗಳ ನಡುವಿನ ಹಸಿ ಗಾರೆ ಹಾಗೆ. ಹದಿನೈದು ಹದಿನೇಳರ ಹೊತ್ತಿಗೆ ಅದು ಗಟ್ಟಿಯಾಗುತ್ತೆ. ಜೋರಾಗಿ ಎಸೆಯುವಾಗ ತೋಳು ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮುತ್ತಲ್ಲ, ಆ ಕ್ಷಣ ಒಳಮಗ್ಗುಲು ಎಳೆಯುತ್ತೆ, ಹೊರಮಗ್ಗುಲಲ್ಲಿ ಮೂಳೆಗೆ ಮೂಳೆ ಒತ್ತುತ್ತೆ. ದೊಡ್ಡವರಲ್ಲಿ ಹರಿಯೋದು ಅಸ್ಥಿಬಂಧ. ಮಕ್ಕಳಲ್ಲಿ ಅಸ್ಥಿಬಂಧ ಗಟ್ಟಿ, ಬಿಟ್ಟುಕೊಡೋದು ಗಾರೆ.

ಮೇಷ್ಟ್ರು: ಒಂದೇ ಸಲಕ್ಕೆ ಕಿತ್ತು ಬರುತ್ತಾ?

ತಾಯಿ: ಕೆಲವು ಸಲ ಹಾಗೂ ಆಗುತ್ತೆ. ಒಂದು ಎಸೆತಕ್ಕೆ ಪಟ್ ಅಂತ ಸದ್ದು ಬಂದು ಗಂಟು ಕಳಚುತ್ತೆ, ತುಂಬ ಸರಿದಿದ್ದರೆ ಸ್ಕ್ರೂ ಹಾಕಬೇಕು. ಇವನಿಗೆ ಅಷ್ಟಾಗಲಿಲ್ಲ. ಎರಡೂ ಮೊಣಕೈಯ ಎಕ್ಸ್‌ರೇ ತೆಗೆದು ಪಕ್ಕಪಕ್ಕ ಇಟ್ಟರು. ಬಲಗೈಯಲ್ಲಿ ಆ ಗಾರೆಯ ಗೆರೆ ಎಡಗೈಗಿಂತ ಅಗಲ. ಅಷ್ಟೇ. ಹೊರಮಗ್ಗುಲು ನೋಯ್ತಿದ್ದರೆ, ಕೈ ಸಿಕ್ಕಿಹಾಕಿಕೊಂಡ ಹಾಗೆ ಆಗ್ತಿದ್ದರೆ ನಾನು ಇನ್ನೂ ಹೆದರಬೇಕಿತ್ತು ಅಂದರು ಡಾಕ್ಟರು. ಅಲ್ಲಿ ಕೀಲಿನ ಹೊದಿಕೆಯ ಚೂರೇ ಸಡಿಲವಾಗಬಹುದು. ಅದರ ದಾರಿ ಉದ್ದ, ಕೆಲವರಿಗೆ ಮೊದಲಿನ ಕೈ ಮತ್ತೆ ಬರೋದೇ ಇಲ್ಲ.

ಮೇಷ್ಟ್ರು: ನಮ್ಮ ಕಡೆ ಆಗಿದ್ದರೆ ಎಕ್ಸ್‌ರೇನೂ ಬೇಡ, ಗಿಕ್ಸ್‌ರೇನೂ ಬೇಡ, ಪುತ್ತೂರು ಕಟ್ಟು ಹಾಕಿಸಿ ಎಣ್ಣೆ ನೀವಿಸ್ತಿದ್ದರು.

ತಾಯಿ: ನಮ್ಮತ್ತೆ ಫೋನಿನಲ್ಲಿ ಅದನ್ನೇ ಹೇಳಿದ್ದು, ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕು ಅಂತ. ಪೆಟ್ಟು ತಿಂದ ಮೊಣಕೈಯನ್ನ ಬಲವಾಗಿ ನೀವಿದರೆ ಮೂಳೆ ಬೆಳೆಯಬಾರದ ಕಡೆ, ಸ್ನಾಯುವಿನೊಳಗೇ ಮೂಳೆ ಬೆಳೆಯಬಹುದು ಮೇಷ್ಟ್ರೇ. ನಮ್ಮ ಊರಿನ ಮೂಳೆ ಡಾಕ್ಟರುಗಳೇ ಇದನ್ನ ಬೇಕಾದಷ್ಟು ನೋಡಿದ್ದಾರೆ. ಇನ್ನು ಕಟ್ಟು ಹಾಕಿ ವಾರಗಟ್ಟಲೆ ಬಿಟ್ಟರೆ ಕೈ ಬಿಗಿದುಕೊಳ್ಳುತ್ತೆ, ಮೊಣಕೈ ಬಹಳ ಬೇಗ ಬಿಗಿಯೋ ಕೀಲು. ಇವನಿಗೆ ಪ್ಲಾಸ್ಟರ್ರೂ ಹಾಕಲಿಲ್ಲ. ಊಟ ಮಾಡು, ಬರಿ, ಸೈಕಲ್ ಹೊಡಿ, ಎಸೀಬೇಡ. ಮೊದಲ ಆರು ವಾರ ಏನನ್ನೂ ಎಸೆಯೋ ಹಾಗಿಲ್ಲ. ಚೆಂಡು ಇಲ್ಲ, ಕೆರೆಗೆ ಕಲ್ಲಿಲ್ಲ, ಹಿಮ ಬಿದ್ದರೆ ಹಿಮದುಂಡೆ ಇಲ್ಲ.

ಮೇಷ್ಟ್ರು: ಹನ್ನೆರಡರ ಗಂಡುಹುಡುಗ ಏನನ್ನೂ ಎಸೆಯದೆ ಆರು ವಾರ! ಅದಕ್ಕಿಂತ ಪ್ಲಾಸ್ಟರ್ರೇ ಸುಲಭ ಇತ್ತು.

ತಾಯಿ: ನಿಜ. ಪ್ಲಾಸ್ಟರ್ ಇದ್ದಿದ್ದರೆ ಸ್ನೇಹಿತರಾದರೂ ಅದರ ಮೇಲೆ ಸಹಿ ಹಾಕ್ತಿದ್ದರು. ಹೊರಗೆ ಏನೂ ಕಾಣದ ಗಾಯ ಇದ್ದರೆ ಹುಡುಗರು ನಂಬೋದಿಲ್ಲ. ಒಬ್ಬ ಅಪ್ಪ ನನ್ನ ಮುಂದೆಯೇ ಕೇಳಿದ, ನಿಜಕ್ಕೂ ನೋವಿದೆಯಾ, ಇಲ್ಲಾ ಆಟ ಬೇಜಾರಾಗಿದೆಯಾ ಅಂತ.

ಮೇಷ್ಟ್ರು: ನೋವು ಬರೋವರೆಗೆ ಯಾರಿಗೂ ಗೊತ್ತೇ ಆಗಲಿಲ್ವಾ?

ತಾಯಿ: ಹುಡುಗರು ನೋವು ಅನ್ನೋ ಮಾತೇ ಎತ್ತಲ್ಲ. ಟೈಟ್ ಆಗಿದೆ ಅಂತಾರೆ, ಡೆಡ್ ಆರ್ಮ್ ಅಂತಾರೆ. ನೋವು ಅಂದರೆ ಮೌಂಡಿನಿಂದ, ಅಂದರೆ ಪಿಚ್ಚರ್ ನಿಲ್ಲೋ ದಿಬ್ಬದಿಂದ, ಇಳಿಸ್ತಾರೆ ಅಂತ ಎಂಟು ವರ್ಷದ ಮಗುವಿಗೂ ಗೊತ್ತು. ಅದಕ್ಕೆ ಈಗ ನಾನು ಕೈ ನೋಯ್ತಿದೆಯಾ ಅಂತ ಕೇಳೋದೇ ಇಲ್ಲ. ಸ್ಕೂಲ್ ಬ್ಯಾಗು ಯಾವ ಕೈಲಿ ಎತ್ತಿಕೊಂಡ, ಬಾಟಲಿ ಮುಚ್ಚಳ ಯಾವ ಕೈಲಿ ತಿರುಗಿಸಿದ, ಅದನ್ನ ನೋಡ್ತೀನಿ. ಪಂದ್ಯಕ್ಕೆ ಮುಂಚೆ ನೋವಿನ ಮಾತ್ರೆ ನುಂಗಿಸೋ ಮನೆಗಳೂ ಇವೆ. ಅದು ಬೆಂಕಿಯ ಅಲಾರಂ ಕಿತ್ತಿಟ್ಟು ಮಲಗೋ ಕೆಲಸ.

ಮೇಷ್ಟ್ರು: ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾನು ಮೂವತ್ತು ವರ್ಷ ಹುಡುಗರ ಕೈಲಿ ಗುಂಡು, ಜಾವೆಲಿನ್, ಕ್ರಿಕೆಟ್ ಚೆಂಡು ಎಸೆಸಿದೀನಿ. ನಿಮ್ಮ ಈ ಚೆಂಡು ಐದು, ಐದೂಕಾಲು ಔನ್ಸು. ಕ್ರಿಕೆಟ್ ಚೆಂಡಿಗಿಂತ ಹಗುರ. ಈ ಮಕ್ಕಳ ಮೈದಾನದಲ್ಲಿ ಎಸೆಯೋ ದೂರವೂ ನಮ್ಮ ಪಿಚ್‌ಗಿಂತ ಕಡಿಮೆ ಅಂತ ಕಾಣುತ್ತೆ.

ತಾಯಿ: ಹನ್ನೆರಡರವರೆಗೆ 46 ಅಡಿ. ನಿಮ್ಮ ಇಪ್ಪತ್ತೆರಡು ಗಜಕ್ಕಿಂತ 20 ಅಡಿ ಕಡಿಮೆ.

ಮೇಷ್ಟ್ರು: ಮತ್ತೆ? ಹಗುರ ಚೆಂಡು, ಗಿಡ್ಡ ದೂರ. ಇದಕ್ಕೆ ಮೂಳೆ ಬಿರುಕು ಬಿಡುತ್ತೆ ಅಂದರೆ ಹಾಲುಮೊಸರಿನ ಕೊರತೆಯೇ ಇರಬೇಕು.

ತಾಯಿ: ಹಾಲು ಮೊಸರು ಬೇಕಾದಷ್ಟಿದೆ. ಕ್ರಿಕೆಟ್‌ನಲ್ಲಿ ಮೊಣಕೈ ನೇರ ಇರಬೇಕು, 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದು ಅಂತ ನಿಯಮವೇ ಇದೆ. ಓಡಿಬಂದ ವೇಗವೂ ಚೆಂಡಿಗೆ ಸೇರುತ್ತೆ. ಇಲ್ಲಿ ಓಟ ಇಲ್ಲ. ದಿಬ್ಬದ ಮೇಲೆ ನಿಂತಲ್ಲಿಂದ ಒಂದು ಹೆಜ್ಜೆ ಹಾಕಿ, ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಶಕ್ತಿ ತಂದು, ಮಡಿಚಿದ ಮೊಣಕೈಯ ಮೂಲಕ ಚಿಮ್ಮಿಸಬೇಕು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಇದನ್ನೇ ಅಳೆಯೋ ಒಂದು ಸಂಶೋಧನಾ ಸಂಸ್ಥೆ ಇದೆ, ಶಸ್ತ್ರವೈದ್ಯ ಜೇಮ್ಸ್ ಆಂಡ್ರ್ಯೂಸ್ ಕಟ್ಟಿದ್ದು. ಅಲ್ಲಿ ಗ್ಲೆನ್ ಫ್ಲೈಸಿಗ್ ಮತ್ತಿತರರು ಅಳೆದ ಪ್ರಕಾರ ದೊಡ್ಡವರ ವೇಗದ ಎಸೆತದಲ್ಲಿ ಮೊಣಕೈ ಮೇಲೆ ಬೀಳೋ ತಿರುಚುಬಲ ಸುಮಾರು 64 ನ್ಯೂಟನ್ ಮೀಟರ್. ಶವಗಳ ಮೊಣಕೈ ಪರೀಕ್ಷಿಸಿದಾಗ ಆ ಅಸ್ಥಿಬಂಧ ಹರಿದದ್ದು ಹೆಚ್ಚುಕಮ್ಮಿ ಅದರ ಅರ್ಧಕ್ಕೆ.

ಮೇಷ್ಟ್ರು: ಅರ್ಧಕ್ಕೇ ಹರಿಯೋದಾದರೆ ಪ್ರತಿ ಎಸೆತಕ್ಕೂ ಹರೀಬೇಕಲ್ಲ!

ತಾಯಿ: ಉಳಿದ ಅರ್ಧ ಸ್ನಾಯುಗಳು ಹೊರ್ತವೆ. ಸ್ನಾಯು ಸುಸ್ತಾದ್ದೇ ತಡ ಭಾರ ಎಲ್ಲ ಅಸ್ಥಿಬಂಧದ ಮೇಲೆ, ಮಗುವಾದರೆ ಬೆಳೆಯೋ ಮೂಳೆಯ ಮೇಲೆ. ಅದೇ ಸಂಸ್ಥೆಯವರು 2006ರಲ್ಲಿ ಶಸ್ತ್ರಚಿಕಿತ್ಸೆ ಆದ ಹುಡುಗರನ್ನೂ ಆರೋಗ್ಯವಾಗಿದ್ದವರನ್ನೂ ಹೋಲಿಸಿ ನೋಡಿದ್ದರು. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಪಿಚ್ ಮಾಡ್ತಿದ್ದವರಿಗೆ ಐದು ಪಟ್ಟು ಅಪಾಯ. ಪಂದ್ಯಕ್ಕೆ 80ಕ್ಕಿಂತ ಹೆಚ್ಚು ಎಸೆತ ಹಾಕ್ತಿದ್ದವರಿಗೆ ನಾಲ್ಕು ಪಟ್ಟು. ಕೈ ಸುಸ್ತಾಗಿದ್ದರೂ ರೂಢಿಯಾಗಿ ಎಸೀತಿದ್ದವರಿಗೆ 36 ಪಟ್ಟು.

ಮೇಷ್ಟ್ರು: ಮೂವತ್ತಾರು?

ತಾಯಿ: ಮೂವತ್ತಾರು. ಅದನ್ನು ಓದಿದ ಮೇಲೆ ಮೊಣಕೈ ಚಿಂತೆ ಬಿಟ್ಟು ಗೋಡೆ ಮೇಲಿನ ಕ್ಯಾಲೆಂಡರ್ ನೋಡೋಕೆ ಶುರು ಮಾಡಿದೆ. ಲಿಟಲ್ ಲೀಗ್ 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಶುರುವಾದದ್ದು. ಎಷ್ಟೋ ವರ್ಷ ಅವರು ಇನ್ನಿಂಗ್ಸ್ ಮಾತ್ರ ಎಣಿಸ್ತಿದ್ದರು. 2007ರಿಂದ ಎಸೆತವನ್ನೇ ಎಣಿಸೋ ನಿಯಮ ತಂದರು. 11–12 ವಯಸ್ಸಿಗೆ ದಿನಕ್ಕೆ 85, 13ರಿಂದ 16ಕ್ಕೆ 95. ಹದಿನಾಲ್ಕರವರೆಗಿನವರು 66 ಮುಟ್ಟಿದರೆ ನಾಲ್ಕು ದಿನ ರಜೆ. ಒಳ್ಳೆಯ ನಿಯಮವೇ. ಆದರೆ ಒಂದು ಲೀಗಿನ ಲೆಕ್ಕ ಇನ್ನೊಂದು ತಂಡಕ್ಕೆ ಗೊತ್ತಾಗೋದಿಲ್ಲ. ವಾರದ ದಿನ ಊರಿನ ಲೀಗು, ವಾರಾಂತ್ಯ ಟ್ರಾವೆಲ್ ತಂಡ, ಚಳಿಗಾಲದಲ್ಲಿ ಗೋದಾಮಿನೊಳಗೆ ಖಾಸಗಿ ಕೋಚು. ಅಲ್ಲಿ ಗೋಡೆ ಮೇಲೆ ವೇಗ ತೋರಿಸೋ ಕೆಂಪು ಅಂಕಿ ಉರೀತಿರುತ್ತೆ. ಪ್ರತಿ ಕಡೆಯೂ ನಿಯಮದ ಒಳಗೇ ಇದ್ದ ಹುಡುಗ ಒಟ್ಟು ಲೆಕ್ಕದಲ್ಲಿ ಹೊರಗಿರ್ತಾನೆ.

ಮೇಷ್ಟ್ರು: ಹಿಂದೆ ಈ ದೇಶದಲ್ಲಿ ಚಳಿಗಾಲ ಬಂದರೆ ಬೇರೆ ಆಟ ಆಡ್ತಿದ್ದರಂತೆ, ಬಾಸ್ಕೆಟ್‌ಬಾಲ್, ಫುಟ್‌ಬಾಲ್.

ತಾಯಿ: ಹಿಮವೇ ಆಗ ರಜೆ ಕೊಡ್ತಿತ್ತು. ಈಗ ರಜೆಯನ್ನ ಕಾಗದದಲ್ಲಿ ಬರೆದು ಕೊಡಬೇಕಾಗಿದೆ. ಮೇಜರ್ ಲೀಗಿನವರೂ ಯುಎಸ್‌ಎ ಬೇಸ್‌ಬಾಲ್ ಸಂಸ್ಥೆಯವರೂ ಸೇರಿ 2014ರಲ್ಲಿ ಪಿಚ್ ಸ್ಮಾರ್ಟ್ ಅಂತ ಸೂಚನೆ ಹೊರಡಿಸಿದರು. ವರ್ಷದಲ್ಲಿ ನಾಲ್ಕು ತಿಂಗಳು ಎಸೆತ ಬೇಡ, ಅದರಲ್ಲಿ ಎರಡು ಮೂರು ತಿಂಗಳಾದರೂ ಒಟ್ಟಿಗೆ ಇರಲಿ ಅಂತ. ಸೂಚನೆ ಅಷ್ಟೇ, ಕಾನೂನಲ್ಲ.

ಮೇಷ್ಟ್ರು: ಆದರೂ ಒಂದು ಶಸ್ತ್ರಚಿಕಿತ್ಸೆ ಇದೆಯಂತಲ್ಲ, ಮಾಡಿಸಿಕೊಂಡರೆ ಮೊದಲಿಗಿಂತ ಜೋರಾಗಿ ಎಸೀಬಹುದು ಅಂತ? ನನ್ನ ಮಗ ಹೇಳ್ತಿದ್ದ.

ತಾಯಿ: ಟಾಮಿ ಜಾನ್ ಸರ್ಜರಿ. ನಿಮ್ಮ ಮಗನೊಬ್ಬನೇ ಅಲ್ಲ, ಅರ್ಧ ಅಮೆರಿಕ ಹಾಗೆ ನಂಬಿದೆ. ಟಾಮಿ ಜಾನ್ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚ್ಚರ್. 1974ರ ಜುಲೈನಲ್ಲಿ ಅವನ ಮೊಣಕೈ ಅಸ್ಥಿಬಂಧ ಹರೀತು. ಆಗ ಅದು ಪಿಚ್ಚರನ ಬದುಕಿನ ಕೊನೆ. ಡಾಕ್ಟರ್ ಫ್ರ್ಯಾಂಕ್ ಜೋಬ್ ಅವನದೇ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಹೊಲಿದರು. ನೂರಕ್ಕೆ ಒಂದು ಪಾಲು ಆಸೆ ಇಟ್ಟುಕೋ ಅಂದಿದ್ದರಂತೆ. 1975 ಇಡೀ ಆಡದೆ ಕೂತ. 1976ಕ್ಕೆ ಬಂದವನು 1989ರವರೆಗೆ ಆಡಿದ. ಒಟ್ಟು 288 ಗೆಲುವಿನಲ್ಲಿ 164 ಗೆಲುವು ಶಸ್ತ್ರಚಿಕಿತ್ಸೆಯ ಮೇಲಿನವು.

ಮೇಷ್ಟ್ರು: ಭಲೇ!

ತಾಯಿ: ಆ ಭಲೇಯಿಂದಲೇ ತಾಪತ್ರಯ. ಅವನು ಮೂವತ್ತು ದಾಟಿದ್ದ, ಮೂಳೆ ಬೆಳೆದಿತ್ತು, ಬೇರೆ ದಾರಿ ಇರಲಿಲ್ಲ. ಈಗ ಏನಾಗಿದೆ ಅಂದರೆ 2007ರಿಂದ 2011ರವರೆಗಿನ ಲೆಕ್ಕದಲ್ಲಿ ಆ ಶಸ್ತ್ರಚಿಕಿತ್ಸೆ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 15ರಿಂದ 19ರ ವಯಸ್ಸಿನವರು. ಗಾಯ ಇಲ್ಲದಿದ್ದರೂ ಮಾಡಿಸಿಕೊಳ್ಳಬಹುದು ಅಂತ ಒಂದು ಸಮೀಕ್ಷೆಯಲ್ಲಿ ಹೈಸ್ಕೂಲು ಆಟಗಾರರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಹೇಳಿದ್ದರು. ವೇಗ ಹೆಚ್ಚಿತು ಅನ್ನೋವರಿಗೆ ಹೆಚ್ಚಿದ್ದು ಶಸ್ತ್ರಚಿಕಿತ್ಸೆಯಿಂದಲ್ಲ. ಆಮೇಲಿನ ಒಂದು ವರ್ಷದ ವಿಶ್ರಾಂತಿ, ವ್ಯಾಯಾಮ, ಬೆಳೆದ ಮೈ. ತನ್ನ ಹೆಸರಿನ ಶಸ್ತ್ರಚಿಕಿತ್ಸೆ ಮಕ್ಕಳಿಗೆ ಆಗ್ತಿರೋದು ಟಾಮಿ ಜಾನ್‌ಗೇ ಹಿಡಿಸಿಲ್ಲ, ಬರೆದೂ ಹೇಳಿದ್ದಾನೆ. ಇವನಂಥ ಹನ್ನೆರಡರ ಹುಡುಗನ ಗಾಯಕ್ಕಂತೂ ಅದು ಮದ್ದೇ ಅಲ್ಲ.

ಮೇಷ್ಟ್ರು: ನಮ್ಮವರೇ ಇಬ್ಬರು ಬಂದಿದ್ದರಲ್ಲ ಇಲ್ಲಿಗೆ, ಜಾವೆಲಿನ್ ಹುಡುಗರು, ಉತ್ತರಪ್ರದೇಶದವರು. ಸಿನಿಮಾನೂ ಆಯ್ತು.

ತಾಯಿ: ರಿಂಕು ಸಿಂಗ್, ದಿನೇಶ್ ಪಟೇಲ್. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರನ್ನೂ ತಗೊಂಡರು. ಬೇಸ್‌ಬಾಲೇ ನೋಡದಿದ್ದ ಹುಡುಗರು ವರ್ಷದೊಳಗೆ ವೃತ್ತಿಪರರು! ಕೊನೆಗೆ ರಿಂಕುವಿಗೂ ಮೊಣಕೈ ಶಸ್ತ್ರಚಿಕಿತ್ಸೆ ಆಯ್ತು, ಮೇಜರ್ ಲೀಗ್ ಮುಟ್ಟಲಿಲ್ಲ, ಕುಸ್ತಿಯ ಕಡೆ ಹೋದ. ಸಿನಿಮಾದಲ್ಲಿ ಆ ಭಾಗ ಇಲ್ಲ.

ಮೇಷ್ಟ್ರು: ನೀರಜ್ ಚೋಪ್ರಾಗೂ ಮೊಣಕೈ ಆಪರೇಷನ್ ಆಗಿತ್ತು ಕಣಮ್ಮ, 2019ರಲ್ಲಿ, ಮುಂಬೈನಲ್ಲಿ. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಬಿಟ್ಟ. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ಸ್‌ಗೆ ಅರ್ಹನಾದ. ಅಂಥವರನ್ನ ನೋಡಿದರೆ ಕಾದರೆ ಸಿಗುತ್ತೆ ಅನ್ನಿಸುತ್ತೆ. ಆದರೆ ಅವನಿಗೆ ಇಡೀ ದೇಶವೇ ಕಾದಿತ್ತು. ನಿನ್ನ ಮಗನಿಗೆ ಈ ಕಾಯೋದನ್ನ ಹೇಗೆ ಕಲಿಸಿದೆ?

ತಾಯಿ: ನಾನು ಕಲಿಸಲಿಲ್ಲ, ಫಿಸಿಯೋ ಕಲಿಸಿದರು. ಮೊದಲ ದಿನ ಮೊಣಕೈ ಮುಟ್ಟಲೇ ಇಲ್ಲ. ಒಂಟಿ ಕಾಲಲ್ಲಿ ನಿಂತು ಬಗ್ಗು ಅಂದರು. ಇವನು ತೂರಾಡಿದ. ಮಲಗಿಸಿ ಭುಜ ಒಳಕ್ಕೆ ಎಷ್ಟು ತಿರುಗುತ್ತೆ ಅಂತ ಅಳೆದರು, ಬಲಗಡೆ ಎಡಕ್ಕಿಂತ ಕಡಿಮೆ. ಸೊಂಟ ಬಿಗಿ, ಬೆನ್ನ ಹಲಗೆ ಸಡಿಲ. ಕಾಲು ಸೊಂಟ ಮಾಡಬೇಕಾದ ಕೆಲಸವನ್ನ ಬಡಪಾಯಿ ಮೊಣಕೈ ಮಾಡ್ತಿತ್ತು ಅಂದರು. ಚಳಿಗಾಲವೆಲ್ಲ ಅದೇ. ಭುಜ, ಬೆನ್ನು, ಸೊಂಟ, ಕಾಲು. ಇವನಿಗೋ ಸಿಟ್ಟು, ಕೈ ನೋವಿಗೆ ಕಾಲು ಕಸರತ್ತಾ ಅಂತ.

ಮೇಷ್ಟ್ರು: ಇದು ಗುಂಡು ಎಸೆಯೋನಿಗೂ ಅನ್ವಯಿಸುತ್ತೆ. ಕೈಯಿಂದ ಎಸೀತೀನಿ ಅಂದುಕೊಂಡೋನ ಗುಂಡು ದೂರ ಹೋಗಲ್ಲ. ಸರಿ, ಆಮೇಲೆ?

ತಾಯಿ: ಆಮೇಲೆ ಡಾಕ್ಟರು ಒತ್ತಿ ನೋಡಿದರು. ನೋವಿಲ್ಲ, ಪೂರಾ ಮಡಿಚುತ್ತೆ, ಪೂರಾ ನೆಟ್ಟಗಾಗುತ್ತೆ, ಬಲ ಎರಡೂ ಕಡೆ ಸಮ. ಆಗ ಒಂದು ಹಾಳೆ ಕೈಗೆ ಬಂತು. 45 ಅಡಿ ದೂರದಿಂದ ಮೆಲ್ಲಗೆ 25 ಎಸೆತ, ವಿಶ್ರಾಂತಿ, ಮತ್ತೆ 25. ಒಂದು ದಿನ ಎಸೆದರೆ ಮಾರನೇ ದಿನ ರಜೆ. ನೋಯದಿದ್ದರೆ 60 ಅಡಿ, ಆಮೇಲೆ 90, ಆಮೇಲೆ 120. ನೋವು ಬಂತೋ ಒಂದು ಮೆಟ್ಟಿಲು ಕೆಳಗೆ. ಎಲ್ಲ ಮುಗಿದ ಮೇಲೆ ಮೌಂಡು. ಅಲ್ಲೂ ಮೊದಲು ಅರ್ಧ ಜೋರಿನಲ್ಲಿ ಬರೀ ಫಾಸ್ಟ್‌ಬಾಲ್.

ಮೇಷ್ಟ್ರು: ಅರ್ಧ ಜೋರು ಅಂದರೆ ಹುಡುಗನಿಗೆ ಹೇಗೆ ತಿಳಿಯಬೇಕು?

ತಾಯಿ: ತಿಳಿಯೋದಿಲ್ಲ! ದೊಡ್ಡವರಿಗೂ ತಿಳಿಯೋದಿಲ್ಲ ಅಂತ ಅಳೆದೇ ನೋಡಿದ್ದಾರೆ. ಎಂಟಾಣೆ ಹಾಕು ಅಂದರೆ ಹದಿಮೂರಾಣೆ ವೇಗ ಬರುತ್ತೆ. ಹಾಕೋನು ಮಾತ್ರ ಎಂಟೇ ಆಣೆ ಹಾಕಿದೆ ಅಂತ ಪ್ರಾಮಾಣಿಕವಾಗಿ ನಂಬಿರ್ತಾನೆ. ಮೊಣಕೈ ಮೇಲಿನ ಬಲವೂ ಅಂದುಕೊಂಡಷ್ಟು ಇಳಿಯಲ್ಲ. ಅದಕ್ಕೇ ನಮ್ಮ ಫಿಸಿಯೋ ವೇಗದ ಯಂತ್ರ ತಂದು ನಿಲ್ಲಿಸಿದರು. ವೇಗ ಹೆಚ್ಚಿಸೋಕೆ ಅಂತ ಎಲ್ಲರೂ ಇಟ್ಟುಕೊಳ್ಳೋ ಆ ಯಂತ್ರವನ್ನ ಕಡಿಮೆ ಮಾಡೋಕೆ ಬಳಸಿದ್ದು ಅವರೊಬ್ಬರೇ ಇರಬೇಕು. ನಾನು ಆ ಹಾಳೆ ಫ್ರಿಜ್ ಮೇಲೆ ಅಂಟಿಸಿದ್ದೆ. 90 ಅಡಿಯ ಸಾಲಿನಲ್ಲಿ ಎರಡು ಸಲ ಹಿಂದಕ್ಕೆ ಬಂದ. ಎರಡನೇ ಸಲ ಗ್ಲೌಸ್ ಗ್ಯಾರೇಜಿಗೆ ಎಸೆದ. ಎಡಗೈಯಲ್ಲಿ.

ಮೇಷ್ಟ್ರು: ಪರವಾಗಿಲ್ಲ, ಶಿಸ್ತಿನ ಹುಡುಗ. ಆದರೂ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲ್ಲ. ಇಷ್ಟೆಲ್ಲ ಎಣಿಸಿ, ಅಳೆದು, ತೂಗಿ ಬೆಳೆಸಿದ ಹುಡುಗನಲ್ಲಿ ಹಸಿವು ಉಳಿಯುತ್ತಾ? ಹೆಸರಲ್ಲೇ ನಮ್ಮ ಜಾವಗಲ್ ಇಟ್ಟುಕೊಂಡಿರೋ ಶ್ರೀನಾಥ್, ಸತ್ತ ಪಿಚ್‌ಗಳ ಮೇಲೆ ದಿನಗಟ್ಟಲೆ ಹಾಕಿದ. ಯಾರು ಎಣಿಸಿದರು?

ತಾಯಿ: ಯಾರೂ ಎಣಿಸಲಿಲ್ಲ. ಅದಕ್ಕೇ 1997ರಲ್ಲಿ ಭುಜ ಹೋಗಿ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಬಾರ್ಬಡೋಸ್‌ನಲ್ಲಿ 120 ಹೊಡೆಯೋಕಾಗದೆ 81ಕ್ಕೆ ಔಟಾದ ಪ್ರವಾಸ.

ಮೇಷ್ಟ್ರು: ಅದು ಬ್ಯಾಟಿಂಗ್ ಸೋಲು ತಾಯಿ, ಶ್ರೀನಾಥ್ ಇದ್ದಿದ್ದರೂ ಸೋಲ್ತಿದ್ದರು!

ತಾಯಿ: ಸರಿ, ಅದನ್ನ ಬಿಡಿ. ಹಸಿವಿನ ಮಾತಿಗೆ ಜಪಾನ್ ನೋಡಿ. ಅಲ್ಲಿ ಹೈಸ್ಕೂಲು ಹುಡುಗರ ಕೋಶಿಯನ್ ಪಂದ್ಯಾವಳಿ ಅಂದರೆ ಹಬ್ಬ. 1998ರಲ್ಲಿ ಡೈಸುಕೆ ಮತ್ಸುಜಾಕಾ 17 ಇನ್ನಿಂಗ್ಸ್‌ನ ಒಂದೇ ಪಂದ್ಯದಲ್ಲಿ 250 ಎಸೆತ ಹಾಕಿದ. ದೇಶ ಹಾಡಿ ಹೊಗಳಿತು. 2013ರಲ್ಲಿ ತೊಮೊಹಿರೊ ಅನ್‌ರಾಕು ಅಂತ ಹದಿನಾರರ ಹುಡುಗ ಐದು ಪಂದ್ಯದಲ್ಲಿ 772. ಅದೇ ವರ್ಷ ಮೊಣಕೈ ಕೈಕೊಟ್ಟಿತು. ಅದೇ ಜಪಾನಿನ ಟೋಕುಶಿಮಾದಲ್ಲಿ ಡಾಕ್ಟರುಗಳು ಅಲ್ಟ್ರಾಸೌಂಡ್ ಯಂತ್ರ ಹೊತ್ತು ಮೈದಾನಕ್ಕೇ ಹೋಗಿ, ನೋವು ಶುರುವಾಗೋ ಮುಂಚೆ ಮಕ್ಕಳ ಮೊಣಕೈ ನೋಡ್ತಾರೆ. ಎರಡೂ ಒಂದೇ ದೇಶ.

ಮೇಷ್ಟ್ರು: ಆ ಪಿಚ್ಚರ್ ರೋಕಿ ಸಸಾಕಿ ಅಲ್ಲಿನವನೇ ಅಲ್ವಾ? ಮಗ ಟಿವಿಯಲ್ಲಿ ತೋರಿಸಿದ್ದ.

ತಾಯಿ: ಹೂಂ. 2019, ಇವಾಟೆ ಪ್ರಾಂತ್ಯ, ಓಫುನಾಟೊ ಹೈಸ್ಕೂಲು. ಸುನಾಮಿ ಹೊಡೆದ ಊರು. ಗೆದ್ದರೆ 35 ವರ್ಷದ ಮೇಲೆ ಕೋಶಿಯನ್‌ಗೆ ಹೋಗೋ ಅವಕಾಶ. ಸಸಾಕಿ ಒಂದು ಪಂದ್ಯದಲ್ಲಿ 194, ಸೆಮಿಫೈನಲ್‌ನಲ್ಲಿ 129 ಎಸೆದಿದ್ದ. ಮಾರನೇ ದಿನವೇ ಫೈನಲ್. ಕೋಚ್ ಅವನನ್ನ ಇಳಿಸಲೇ ಇಲ್ಲ. 2–12ರಲ್ಲಿ ಸೋತರು. ಶಾಲೆಗೆ ಬೈಗುಳದ ಫೋನುಗಳ ಸುರಿಮಳೆ.

ಮೇಷ್ಟ್ರು: ಫೋನ್ ಮಾಡಿದವರನ್ನ ನಾನು ಪೂರಾ ಬೈಯಲಾರೆ. ಆ ತಂಡದಲ್ಲಿ ಬೇರೆ ಹುಡುಗರೂ ಇದ್ದರಲ್ಲಮ್ಮ. ಅವರಿಗೆ ಮುಂದೆ ಕೋಟಿಗಟ್ಟಲೆ ಸಂಬಳ ಇಲ್ಲ. ಆ ಒಂದು ದಿನವೇ ಅವರ ಜೀವಮಾನದ ಆಟ. ಒಬ್ಬನ ಮೊಣಕೈಗೆ ಎಲ್ಲರೂ ಬೆಲೆ ಕೊಟ್ಟರು. ಯಾರಾದರೂ ಅವರನ್ನ ಕೇಳಿದರಾ?

ತಾಯಿ: ಕೇಳಿರಲಿಕ್ಕಿಲ್ಲ. ನೀವು ಹೇಳೋದು ನಿಜವಾದ ನಷ್ಟ, ಅದನ್ನ ತೂಕಕ್ಕೆ ಹಾಕಲೇಬೇಕು. ಆದರೆ ಆ ಭಾರವನ್ನ ಹದಿನೇಳರ ಹುಡುಗನ ಮೇಲೆ ಹಾಕಿ, ಎಸೀತೀಯಾ ಅಂತ ಕೇಳಿದ್ದರೆ ಅವನು ಇಲ್ಲ ಅಂತಿದ್ದನಾ? ಇಲ್ಲ ಅನ್ನೋಕೆ ಆಗದವನ ಪರವಾಗಿ ಇನ್ನೊಬ್ಬರು ಇಲ್ಲ ಅಂದರು. ಸಸಾಕಿ 2022ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಒಬ್ಬನನ್ನೂ ಬೇಸ್‌ಗೆ ಬಿಡದೆ 19 ಜನರನ್ನ ಸ್ಟ್ರೈಕ್ ಔಟ್ ಮಾಡಿ ಪರ್ಫೆಕ್ಟ್ ಗೇಮ್ ಹಾಕಿದ.

ಮೇಷ್ಟ್ರು: ಅಂದರೆ ಕೋಚ್ ಮಾಡಿದ್ದು ಸರಿ ಅಂತ ಸಾಬೀತಾಯ್ತು?

ತಾಯಿ: ಇಲ್ಲ ಮೇಷ್ಟ್ರೇ, ಹಾಗೆ ಹೇಳಿದರೆ ಮೋಸ. 2025ರಲ್ಲಿ ಡಾಡ್ಜರ್ಸ್‌ಗೆ ಬಂದ ಮೇಲೆ ಭುಜ ನೋವಿಗೆ ತಿಂಗಳುಗಟ್ಟಲೆ ಹೊರಗಿದ್ದ. ಕಾಪಾಡಿದ ಕೈಯೂ ನೋಯುತ್ತೆ. ಅವನು ಯಾವ ಪರ್ಫೆಕ್ಟ್ ಗೇಮೂ ಹಾಕದೆ ಊರಲ್ಲಿ ಮೀನು ಹಿಡ್ಕೊಂಡಿದ್ದರೂ ಆ ದಿನದ ತೀರ್ಮಾನ ಸರಿಯೇ ಅನ್ನೋದು ನನ್ನ ಮಾತು. ಆ ಫೈನಲ್‌ನ ಮರುವರ್ಷ ಜಪಾನಿನವರು ಹೈಸ್ಕೂಲು ಹುಡುಗರಿಗೆ ವಾರಕ್ಕೆ 500 ಎಸೆತದ ಮಿತಿ ತಂದರು.

ಮೇಷ್ಟ್ರು: ಐನೂರೂ ಕಡಿಮೆಯೇನಲ್ಲ. ನಮ್ಮಲ್ಲಿ ಈ ಎಣಿಕೆಯ ಬುದ್ಧಿ ಬಂದದ್ದು ಬೆನ್ನಿನಿಂದ. ಹದಿನೈದು ಹದಿನಾರರ ವೇಗದ ಬೌಲರ್‌ಗಳಿಗೆ ಬೆನ್ನಿನ ಕೆಳಭಾಗದ ಮೂಳೆ ಬಿರುಕು ಬಿಡುತ್ತೆ. ಬುಮ್ರಾಗೇ 2019ರಲ್ಲಿ ಬೆನ್ನು ಹೋಯ್ತು, 2023ರಲ್ಲಿ ನ್ಯೂಜಿಲೆಂಡ್‌ನಲ್ಲಿ ಆಪರೇಷನ್ ಆಗಿ, ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ಕೂತು ಕೂತು ಎದ್ದು ಬಂದ. ತಾಲ್ಲೂಕು ಮಟ್ಟದ ಹುಡುಗನಿಗೆ ಆ ಅಕಾಡೆಮಿ ಎಲ್ಲಿಂದ ಬರಬೇಕು? ಅವನಿಗಿರೋದು ನನ್ನಂಥ ಒಬ್ಬ ಮೇಷ್ಟ್ರು, ಒಂದು ಸೀಟಿ, ಎರಡು ಸುಣ್ಣದ ಗೆರೆ.

ತಾಯಿ: ಎಣಿಸೋಕೆ ಅಷ್ಟು ಸಾಕು. ಪೆನ್ನು ಪೇಪರಿನ ಕೆಲಸ.

ಮೇಷ್ಟ್ರು: ಎಣಿಸೋದು ಸುಲಭ, ನಿಲ್ಲಿಸೋದು ಕಷ್ಟ. ಗೆಲ್ತಾ ಇರೋ ಪಂದ್ಯದಲ್ಲಿ ನಿಲ್ಲಿಸಿ ನೋಡು, ಹೆಡ್‌ಮಾಸ್ಟರಿಂದ ಹಿಡಿದು ಬಸ್ ಡ್ರೈವರ್‌ವರೆಗೆ ಎಲ್ಲರೂ ಬೈತಾರೆ. ಅಗೋ, ನಿನ್ನ ಮಗ ಇತ್ತಲೇ ನೋಡ್ತಿದಾನೆ. ಏನು ಬೇಕಂತೆ?

ತಾಯಿ: ಕರ್ವ್ ಬಾಲ್ ಕಲೀಬೇಕಂತೆ. ಎರಡು ವಾರದಿಂದ ಅದೇ ಜಪ.

ಮೇಷ್ಟ್ರು: ಚೆಂಡು ತಿರುಚೋದು ಮೊಣಕೈಗೆ ಕೆಟ್ಟದ್ದಲ್ವಾ?

ತಾಯಿ: ಹಿಂದೆಲ್ಲ ಹಾಗೇ ಹೇಳ್ತಿದ್ದರು, ಗಡ್ಡ ಬರೋವರೆಗೆ ಕರ್ವ್ ಬೇಡ ಅಂತ. ಪ್ರಯೋಗಶಾಲೆಯಲ್ಲಿ ಅಳೆದಾಗ ಹೆಚ್ಚು ಬಲ ಬೀಳೋದು ಫಾಸ್ಟ್‌ಬಾಲ್‌ಗೇ. ಕರ್ವ್‌ನಿಂದಲೇ ಗಾಯ ಅನ್ನೋಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೂ ಸುಸ್ತಾದ ಹುಡುಗ ಕೆಟ್ಟ ರೀತಿಯಲ್ಲಿ ತಿರುಚ್ತಾನೆ ಅನ್ನೋ ಭಯ ಎಲ್ಲರಿಗೂ ಇದೆ. ನಮ್ಮ ಫಿಸಿಯೋ ಹೇಳಿದ ಕ್ರಮ ಇಷ್ಟು: ಮೊದಲು ಗುರಿ, ಆಮೇಲೆ ಚೇಂಜ್ ಅಪ್, ಕರ್ವ್ ಕೊನೆಗೆ. ಚೇಂಜ್ ಅಪ್ ಅಂದರೆ ತೋಳಿನ ವೇಗ ಅದೇ, ಚೆಂಡು ಮಾತ್ರ ನಿಧಾನ. ಹುಡುಗರಿಗೆ ಅದರಲ್ಲಿ ಗಮ್ಮತ್ತಿಲ್ಲ. ಯಂತ್ರದಲ್ಲಿ ಅಂಕಿ ಕಡಿಮೆ ತೋರಿಸುತ್ತಲ್ಲ.

ಮೇಷ್ಟ್ರು: ಗಮ್ಮತ್ತಿಲ್ಲವಾ? ಅನಿಲ್ ಕುಂಬ್ಳೆ 619 ಟೆಸ್ಟ್ ವಿಕೆಟ್ ತಗೊಂಡದ್ದು ಚೆಂಡು ಗಿರಗಿರ ತಿರುಗಿಸಿಯಲ್ಲ. ಅದೇ ಓಟ, ಅದೇ ಕೈ, ಒಂದು ಚೂರು ಬೇಗ, ಒಂದು ಚೂರು ನಿಧಾನ. ಬ್ಯಾಟ್ಸ್‌ಮನ್ ಆಡಿ ಮುಗಿಸಿದ ಮೇಲೆ ಚೆಂಡು ಬರ್ತಿತ್ತು, ಇಲ್ಲಾ ಆಡೋಕೆ ಮುಂಚೆಯೇ ಬಂದಿರ್ತಿತ್ತು. ಹುಡುಗನನ್ನ ಸಂಜೆ ನಮ್ಮನೆ ಹಿತ್ತಲಿಗೆ ಕಳಿಸು. ಹಿಡಿತ ನಾನು ತೋರಿಸ್ತೀನಿ.

ತಾಯಿ: ಕಳಿಸ್ತೀನಿ. ಆದರೆ ಇವತ್ತಿನ ಹಾಳೆಯಲ್ಲಿ ಉಳಿದಿರೋದು ಹದಿನೈದು ಎಸೆತ. ನಿಮ್ಮ ಹಿತ್ತಲಿನದೂ ಅದರಲ್ಲೇ ಸೇರುತ್ತೆ.

ಮೇಷ್ಟ್ರು: ಟೆನಿಸ್ ಚೆಂಡು ಕಣಮ್ಮ, ಬರೀ ಟೆನಿಸ್ ಚೆಂಡು.

ತಾಯಿ: ಅದೂ ಸೇರುತ್ತೆ.

ಮೇಷ್ಟ್ರು: ಮೆಲ್ಲಗೆ ಹಾಕಿಸ್ತೀನಿ, ಎಂಟಾಣೆ.

ತಾಯಿ: ಹದಿಮೂರಾಣೆ ಆಗುತ್ತೆ ಮೇಷ್ಟ್ರೇ. ಹದಿನೈದಕ್ಕೆ ನಿಲ್ಲಿಸಿ, ಕಾಫಿಗೆ ನಾನೂ ಬರ್ತೀನಿ.